ದೊಡ್ಡ ಪಿಟೀಲಿನ ಗಟ್ಟಿಮೇಳ

ಮನುಷ್ಯರು ತಮ್ಮ ಅಳತೆಗೆ ತಕ್ಕ ವಾದ್ಯವನ್ನೇ ಕಲಿಯಬೇಕು ಎಂಬುದು ನನ್ನ ಈಚಿನ ಸಿದ್ಧಾಂತ. ಕುಳ್ಳಿಯಾದ ನಾನು ಕೊಳಲನ್ನೋ ಮೋರ್ಸಿಂಗನ್ನೋ ಕಲಿತು, ಕೈಚೀಲದಲ್ಲಿ ಹಾಕಿಕೊಂಡು ಹಾಯಾಗಿ ಓಡಾಡಬಹುದಿತ್ತು. ವಿನಾಶಕಾಲಕ್ಕೆ ವಿಪರೀತ ಬುದ್ಧಿ, ಸೆಲ್ಲೋ ಕಲಿತೆ. ಸೆಲ್ಲೋ ಎಂದರೇನು ಎಂದು ಕೇಳಿದವರಿಗೆಲ್ಲ ಮೊದಮೊದಲು ಗಂಭೀರವಾಗಿ ವಿವರಿಸುತ್ತಿದ್ದೆ. ಈಗ ‘ಪಿಟೀಲು ಇದೆಯಲ್ಲ, ಅದರ ಸೋದರಮಾವ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಕುರ್ಚಿಯ ಮೇಲೆ ಕೂತು, ಮಂಡಿಗಳ ನಡುವೆ ಅದನ್ನು ನಿಲ್ಲಿಸಿಕೊಂಡು, ಕಮಾನಿನಿಂದ ನುಡಿಸಬೇಕು. ಪೆಟ್ಟಿಗೆಯೊಳಗಿಟ್ಟರೆ ನನ್ನ ಕಿವಿಯ ಮಟ್ಟಕ್ಕೆ ಬರುತ್ತದೆ. ಹೆಬ್ಬಾಳದಲ್ಲಿ ಆಟೊಗೆ ಕೈ ತೋರಿಸಿದರೆ ಚಾಲಕ ಮೊದಲು ಪೆಟ್ಟಿಗೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿ, “ಇಬ್ರಲ್ಲಿ ಯಾರಾದ್ರೂ ಒಬ್ರು ಬನ್ನಿ ಮೇಡಂ” ಎನ್ನುತ್ತಾನೆ.

ಯಾರಾದರೂ ಹರಟಿ ತಲೆ ತಿಂದರೆ ‘ಪಿಟೀಲು ಕುಯ್ಯಬೇಡ’ ಎಂದು ಬೈಯುವುದು ನಮ್ಮ ಕಡೆಯ ರೂಢಿ. ಊರಿಗೆಲ್ಲ ಬೈಗುಳವಾದದ್ದು ನನಗೆ ಹೊಟ್ಟೆಪಾಡು. ಅಪರೂಪಕ್ಕೊಮ್ಮೆ ಕಪ್ಪು ಸೀರೆಯುಟ್ಟು ವಾದ್ಯವೃಂದದಲ್ಲಿ ಕೂತು ನುಡಿಸುತ್ತೇನೆ. ಕೇಳಲು ಬರುವವರಲ್ಲಿ ಬಹುಪಾಲು ಪಕ್ಕದಲ್ಲಿ ಕೂತು ನುಡಿಸುವವರ ನೆಂಟರು. ಮಿಕ್ಕ ದಿನಗಳಲ್ಲಿ ಸಿಂಗಾಪುರದ (ವಿಮಾನ ಹತ್ತಿ ಹೋಗುವುದಲ್ಲ, ಜಾಲಹಳ್ಳಿಯ ಆಚೆಗಿನದು) ನನ್ನ ಬಾಡಿಗೆ ಮನೆಯಲ್ಲಿ ಮಕ್ಕಳಿಗೆ ಪಿಟೀಲು, ಸೆಲ್ಲೋ ಪಾಠ. ಹೊಸ ಶಿಷ್ಯರು ಕಮಾನು ಎಳೆದಾಗ ಹೊರಡುವ ನಾದವನ್ನು ನಾನು ಬಣ್ಣಿಸುವುದಿಲ್ಲ, ಕೆಳಗಡೆ ಮನೆಯ ಮುನಿರಾಜಣ್ಣ ಅದನ್ನು ಕೇಳಿ ಏನು ಮಾಡಿದರು ಎಂಬುದನ್ನು ಹೇಳಿದರೆ ಸಾಕು. ನಾನು ಪಾಠ ಶುರುಮಾಡಿದ ಮೊದಲ ಸಂಜೆಯೇ ಅವರು ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, “ಯಾವ ಬಾಗ್ಲು ಮೇಡಂ?” ಎಂದು ಕೇಳಿದ್ದರು.

ಮುನಿರಾಜಣ್ಣ ನಮ್ಮ ಮನೆಯ ಮಾಲೀಕರು. ಸಿಂಗಾಪುರ ಹಳ್ಳಿಯಾಗಿದ್ದಾಗ ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ನಮ್ಮ ಬೀದಿಯಿದೆ. ಒಳ್ಳೆಯ ಮನುಷ್ಯ. ಅವರಲ್ಲಿದ್ದ ಒಂದೇ ದೋಷವೆಂದರೆ, ಮೇಲಿನಿಂದ ಕೇಳಿಬರುವ ಕಿರ್‌ಗುಟ್ಟುವಿಕೆಯೆಲ್ಲ ನನ್ನದೇ ಎಂಬ ಅಚಲ ನಂಬಿಕೆ. ಗೇಟಿನ ಹತ್ತಿರ ಸಿಕ್ಕಾಗಲೆಲ್ಲ, “ಇನ್ನೂ ಕಲ್ತಾಗ್ಲಿಲ್ವಾ ಮೇಡಂ?” ಎಂದು ಅನುಕಂಪದಿಂದ ವಿಚಾರಿಸುತ್ತಿದ್ದರು. “ಅಣ್ಣಾ, ಅದು ನಾನಲ್ಲ, ಪಾಠಕ್ಕೆ ಬರೋ ಮಕ್ಕಳು” ಎಂದರೆ, “ಪಾಪ, ಮಕ್ಕಳ ಮೇಲೆ ಯಾಕ್ ಹಾಕ್ತೀರಾ ಬಿಡಿ” ಎಂದು ನಗುತ್ತಿದ್ದರು. ವರ್ಷಗಟ್ಟಲೆ ಗುರುವಿನ ಕಾಲ ಬಳಿ ಕೂತು ಬೆರಳು ಸವೆಸಿದವಳು ನಾನು. ಆ ನಗು ನೋಡಿದರೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಮಗಳ ಮದುವೆ ಹತ್ತಿರ ಬಂದಾಗ ಮುನಿರಾಜಣ್ಣನ ನಗು ಕಡಿಮೆಯಾಯಿತು. ಒಂದು ದಿನ ಕತ್ತು ಕೆರೆದುಕೊಳ್ಳುತ್ತ ಬಂದು, “ಅಕ್ಕಪಕ್ಕದೋರು ದಿನಾ ಜಗಳಕ್ಕೆ ಬರ್ತಾರೆ ಮೇಡಂ. ಮದ್ವೆ ಒಂದು ಮುಗೀಲಿ. ಆಮೇಲೆ ಒಂದೋ ಪಾಠ ನಿಲ್ಸಿ, ಇಲ್ಲ ಬೇರೆ ಮನೆ ನೋಡ್ಕೊಳ್ಳಿ” ಎಂದರು. ಈ ಮನೆ ಸಿಗುವ ಮೊದಲು ಜಾಲಹಳ್ಳಿಯಿಂದ ತಣಿಸಂದ್ರದವರೆಗೆ ಅಲೆದಿದ್ದೆ. ನಾಯಿ ಸಾಕಬಹುದು ಎಂದವರಿದ್ದರು, ಮಾಂಸ ಬೇಯಿಸಬಹುದು ಎಂದವರಿದ್ದರು, ಸೆಲ್ಲೋ ಪಾಠ ಹೇಳಬಹುದು ಎಂದವರು ಒಬ್ಬರೂ ಇರಲಿಲ್ಲ. ಪಾಠ ನಿಂತರೆ ಒಲೆಯೂ ನಿಲ್ಲುತ್ತದೆ. ಆದ್ದರಿಂದ ಆರತಕ್ಷತೆಗೆ ನುಡಿಸಿಕೊಡಿ ಎಂದು ಮದುಮಗಳೇ ಬಂದು ಕೇಳಿದಾಗ ಮರಳುಗಾಡಿನಲ್ಲಿ ನೀರು ಕಂಡಷ್ಟು ಸಂತೋಷವಾಯಿತು. ಮುನಿರಾಜಣ್ಣ ಒಂದೇ ಒಂದು ಸಲ ನನ್ನ ನಿಜವಾದ ವಾದನವನ್ನು ಕೇಳಿದರೆ ಸಾಕು, ಮನೆಯೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ.

ತಣಿಸಂದ್ರ ರಸ್ತೆಯ ಛತ್ರದಲ್ಲಿ ಆರತಕ್ಷತೆಯ ಸಂಜೆ ಜೀವ ಬಿಟ್ಟು ನುಡಿಸಿದೆ. ಐಸ್‌ಕ್ರೀಂ ಕೌಂಟರಿನ ಹತ್ತಿರ ಒಬ್ಬರು ಕಣ್ಣೊರೆಸಿಕೊಂಡದ್ದನ್ನೂ ಕಂಡೆ. ಆದರೆ ಮುನಿರಾಜಣ್ಣ ಸಂಜೆಯಿಡೀ ಹೊರಬಾಗಿಲಲ್ಲಿ ನಿಂತು ಬಂದವರಿಗೆ ಕೈಮುಗಿಯುತ್ತಿದ್ದರು. ಒಂದು ಸ್ವರವೂ ಅವರ ಕಿವಿಗೆ ಬೀಳಲಿಲ್ಲ. ಪೆಚ್ಚುಮೋರೆ ಹಾಕಿಕೊಂಡು ಸೆಲ್ಲೋವನ್ನು ಮದುಮಗಳ ಕೋಣೆಯಲ್ಲೇ ಬಿಟ್ಟು ಮನೆಗೆ ಬಂದೆ. ಬೆಳಿಗ್ಗೆ ಮುಹೂರ್ತಕ್ಕೆ ಹೋದಾಗ ಛತ್ರದಲ್ಲಿ ಗುಸುಗುಸು. ಓಲಗದವರ ವ್ಯಾನು ಯಲಹಂಕದ ಹತ್ತಿರ ಕೆಟ್ಟು ನಿಂತಿದೆಯಂತೆ. ತಾಳಿ ಕಟ್ಟುವ ಗಳಿಗೆಯಲ್ಲಿ ಯಾರಾದರೂ ಸೀನಿದರೂ ಕೆಮ್ಮಿದರೂ ಕೇಳಿಸದಂತೆ ಗಟ್ಟಿಮೇಳ ಮೊಳಗಬೇಕಲ್ಲ, ಅದಿಲ್ಲದೆ ಮದುವೆ ಹೇಗೆ? ಮೊಬೈಲಿನಲ್ಲಿ ಹಾಕಿದರಾಯಿತು ಎಂದು ಒಬ್ಬರು ಹೇಳಿದ್ದಕ್ಕೆ ಮುನಿರಾಜಣ್ಣನ ತಾಯಿ ಕೆಂಡವಾದರು. “ಜೀವ ಇರೋರು ಊದ್ಬೇಕು, ಇಲ್ಲ ಬಾರಿಸ್ಬೇಕು. ಆ ದೊಡ್ ಪಿಟೀಲಿನವ್ವ ಇಲ್ಲೇ ಅವ್ಳಲ್ಲ, ಅವ್ಳೇ ಬಾರಿಸ್ಲಿ ಬುಡು” ಎಂದು ಊರುಗೋಲನ್ನು ನನ್ನತ್ತ ಚಾಚಿದರು. ಮುನಿರಾಜಣ್ಣ ನನ್ನನ್ನು ನೋಡಿದ ನೋಟದಲ್ಲಿ ಮಗಳ ಮದುವೆಯ ಚಿಂತೆಯೂ ಎಣ್ಣೆ ಬಾಟಲಿಯ ನೆನಪೂ ಒಟ್ಟಿಗೇ ಇದ್ದವು.

ಮಂಟಪದ ಪಕ್ಕ ಕುರ್ಚಿ, ಮುಂದೆ ಮೈಕು. “ಗಟ್ಟಿಮೇಳ ಅಂತ ಕೈ ಮಾಡ್ತೀನಿ, ಶುರು ಹಚ್ಕೊಳ್ಳಿ” ಎಂದರು ಪುರೋಹಿತರು. ಇದನ್ನು ಯಾರಾದರೂ ನನಗೆ ಹೇಳಿಕೊಡಬೇಕೇ? ವಾದ್ಯವೃಂದದಲ್ಲಿ ಕೂತವರಿಗೆ ಮೊದಲು ಕಲಿಸುವುದೇ ಅದು: ಎದುರು ನಿಂತು ಕೈಯಾಡಿಸುವ ನಿರ್ದೇಶಕನ ಕೈಯ ಮೇಲಿಂದ ಕಣ್ಣು ಕೀಳಬಾರದು. ಕೈ ಮೇಲೇರಿದಾಗ ಉಸಿರು ಹಿಡಿಯಬೇಕು, ಇಳಿದೊಡನೆ ನುಡಿಸಬೇಕು. ಯಾಕೆ, ಏನು ಎಂದು ಕೇಳಬಾರದು. ಈ ವಿದ್ಯೆಯನ್ನು ನಾನು ಎಷ್ಟು ಅರೆದು ಕುಡಿದಿದ್ದೇನೆಂದರೆ, ಯಶವಂತಪುರದ ವೃತ್ತದಲ್ಲಿ ಸಂಚಾರಿ ಪೊಲೀಸಿನವರು ಕೈಯೆತ್ತಿದರೂ ನನ್ನ ಬಲಗೈ ತಾನಾಗಿ ಕಮಾನು ಹುಡುಕುತ್ತದೆ. ಪುರೋಹಿತರ ಕೈಯ ಮೇಲೆ ದೃಷ್ಟಿ ನೆಟ್ಟು ಕೂತೆ. ಮಂತ್ರ ನಡೆಯುತ್ತಿತ್ತು. ಪುರೋಹಿತರ ಬಲಗೈ ಮೆಲ್ಲಗೆ ಮೇಲೆದ್ದಿತು, ಒಂದು ಕ್ಷಣ ನಿಂತಿತು, ಝಾಡಿಸಿದಂತೆ ಕೆಳಗಿಳಿಯಿತು. ಅಂಥ ಖಚಿತವಾದ ಸನ್ನೆಯನ್ನು ನಾನು ಯಾವ ನಿರ್ದೇಶಕನಲ್ಲೂ ಕಂಡಿರಲಿಲ್ಲ. ಕಮಾನನ್ನು ತಂತಿಯ ಮೇಲೆ ಎಳೆದೆಳೆದು ಬಡಿದೆ. ಛತ್ರ ನಡುಗಿತು.

ಪುರೋಹಿತರು ಕೈಯಾಡಿಸಿದ್ದು ಲೈಟು ಹಿಡಿದು ಮಂಟಪಕ್ಕೆ ಅಡ್ಡ ನಿಂತಿದ್ದ ವಿಡಿಯೋದವನಿಗೆ, ‘ಆ ಕಡೆ ಹೋಗಪ್ಪ’ ಎಂದು. ತಾಳಿ ಆಗ ಮಂಟಪದಲ್ಲೇ ಇರಲಿಲ್ಲ. ಹಿರಿಯರೆಲ್ಲ ಮುಟ್ಟಿ ಹರಸಲಿ ಎಂದು ತಟ್ಟೆಯಲ್ಲಿಟ್ಟು ಕಳಿಸಿದ್ದರು, ಅದು ಮದುಮಗಳ ಅತ್ತೆಯ ಕೈಯಲ್ಲಿ ಹೆಂಗಸರ ಸಾಲಿನ ನಡುವೆ ಎಲ್ಲೋ ಇತ್ತು. ಆದರೆ ಗಟ್ಟಿಮೇಳ ಕೇಳಿದ ಮೇಲೆ ಯಾರು ತಾಳಿ ಹುಡುಕುತ್ತಾರೆ? ಇಡೀ ಛತ್ರ ಒಮ್ಮೆಲೇ ಎದ್ದುನಿಂತು ಅಕ್ಷತೆ ಎರಚಿತು. ವಧುವಿನ ಮೇಲೆ, ವರನ ಮೇಲೆ, ವಿಡಿಯೋದವನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಅಕ್ಷತೆ ಹಾಕಿ ಕೈ ಖಾಲಿಯಾದ ನಮ್ಮ ಜನ ಮುಂದೇನು ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಮೊದಲ ಪಂಕ್ತಿ ಹಿಡಿಯಲು ಊಟದ ಮನೆಯ ಕಡೆ ನುಗ್ಗಿದರು. ಮುನಿರಾಜಣ್ಣ ರೇಷ್ಮೆ ಪಂಚೆ ಎತ್ತಿಕಟ್ಟಿ, ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು, “ತಾಳಿ ಇನ್ನೂ ಕಟ್ಟಿಲ್ಲ ಕಣ್ರಪ್ಪೋ!” ಎಂದು ಕೂಗಿಕೊಂಡರು. “ಕಟ್ಲಿ ಬಿಡಿ ಅಣ್ಣಾ, ಯಾರ್ ಬೇಡ ಅಂದ್ರು? ಎಲೆ ಹಾಕವ್ರೆ” ಎಂದು ಒಬ್ಬ ನೆಂಟ ಅವರ ಕಂಕುಳ ಕೆಳಗೆ ನುಸುಳಿ ಒಳಗೆ ಹೋದ.

ನಾನು ಸೆಲ್ಲೋದ ಹಿಂದೆ ಅಡಗಿದೆ. ಅಷ್ಟು ದೊಡ್ಡ ವಾದ್ಯದಿಂದ ನನಗೆ ಉಪಕಾರವಾದದ್ದು ಅದೇ ಮೊದಲು. ಮನೆ ಹೋಯಿತು, ಪಾಠ ಹೋಯಿತು, ನಾಳೆಯಿಂದ ಇದನ್ನು ಹೊತ್ತುಕೊಂಡು ಮತ್ತೆ ಬೀದಿ ಬೀದಿ ಅಲೆಯಬೇಕು ಎಂದುಕೊಂಡಾಗ ಅಳುವೇ ಬಂತು. ಅಷ್ಟರಲ್ಲಿ ತಾಳಿ ಮಂಟಪಕ್ಕೆ ಮರಳಿತ್ತು. ಪುರೋಹಿತರು ಕೈಯೆತ್ತಿ “ಗಟ್ಟಿಮೇಳ!” ಎಂದರು. ನಾನು ಅಲುಗಲಿಲ್ಲ. ಒಮ್ಮೆ ಕೈ ಸುಟ್ಟುಕೊಂಡವಳು ಮತ್ತೆ ಮೋಸ ಹೋಗುತ್ತೇನೆಯೇ? ಪುರೋಹಿತರು ಎರಡೂ ಕೈ ಎತ್ತಿ “ಗಟ್ಟಿಮೇಳ! ಗಟ್ಟಿಮೇಳ!” ಎಂದು ಅರಚಿದರು. ವಿಡಿಯೋದವನು ಈಗ ಎಲ್ಲಿ ಅಡ್ಡ ಬಂದನೋ ಎಂದು ಹುಡುಕುತ್ತಿದ್ದೆ. ಮದುಮಗ ತಾಳಿ ಹಿಡಿದು ಕಾಯುತ್ತಿದ್ದ. ಕೊನೆಗೆ ಅಜ್ಜಿಯ ಊರುಗೋಲು ನನ್ನ ಪಕ್ಕೆಗೆ ತಿವಿಯಿತು. “ಇಂಗ್ಯಾಕವ್ವಾ ಕಲ್ಲಂಗೆ ಕುಂತಿದ್ದೀ? ಬಾರ್ಸವ್ವಾ!”

ಬಾರಿಸಿದೆ. ಊರುಗೋಲಿನ ಭಯವೇ ತಂತಿಗಿಳಿದು ಗಟ್ಟಿಮೇಳ ಭರ್ಜರಿಯಾಗಿ ಮೊಳಗಿತು. ಅಕ್ಷತೆ ಮುಗಿದಿದ್ದರಿಂದ ಉಳಿದವರು ನೆಲದಿಂದ ಬಾಚಿಕೊಂಡು ಎರಚಿದರು. ಅದರಲ್ಲಿ ಅರ್ಧ ನನ್ನ ಸೆಲ್ಲೋದ ಎದೆಯ ಮೇಲಿರುವ ನಾದದ ಸೀಳುಗಳೊಳಗೆ ಬಿತ್ತು. ಈಗಲೂ ಅದನ್ನು ಎತ್ತಿದರೆ ಹೊಟ್ಟೆಯಲ್ಲಿ ಅಕ್ಕಿ ಗಲಗಲ ಎನ್ನುತ್ತದೆ. “ಎಲ್ಡು ದಪ ಅಕ್ಷತೆ ಬಿದ್ದೈತೆ, ಸಂಸಾರ ಗಟ್ಟಿ” ಎಂದು ಅಜ್ಜಿ ಸಾರಿದರು. ಮುನಿರಾಜಣ್ಣ ಮಾತ್ರ ನನ್ನ ಕಡೆ ನೋಡದೆ ಬೀಗರನ್ನು ಊಟಕ್ಕೆ ಕರೆದೊಯ್ದರು.

ಬೀಗರೂಟ ಮುಗಿದ ಮಾರನೆಯ ದಿನ ಮುನಿರಾಜಣ್ಣ ಮೆಟ್ಟಿಲು ಹತ್ತುವ ಸದ್ದು ಕೇಳಿದಾಗ ನಾನು ಆಗಲೇ ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದೆ. ಒಳಗೆ ಬಂದವರು ಪೆಟ್ಟಿಗೆ ನೋಡಿ, “ಇದೆಲ್ಲ ಯಾಕೆ ಮೇಡಂ? ತೆಗೀರಿ ತೆಗೀರಿ. ನಾನು ಯೋಚ್ನೆ ಮಾಡ್ದೆ. ಪಾಠ ನಿಲ್ಸೋದು ಬೇಡ” ಎಂದರು. ನನಗೆ ಕಣ್ಣು ತುಂಬಿ ಬಂತು. ಅಂತೂ ಆ ಎರಡನೆಯ ಗಟ್ಟಿಮೇಳದಲ್ಲಿ ನನ್ನ ವಿದ್ಯೆಯನ್ನು ಗುರುತಿಸಿದರಲ್ಲ! ಅವರು ದನಿ ತಗ್ಗಿಸಿ ಮುಂದುವರಿಸಿದರು: “ಇಷ್ಟ್ ವರ್ಷ ಆದ್ರೂ ಯಾವಾಗ ಶುರು ಮಾಡ್ಬೇಕು ಅನ್ನೋದೇ ನಿಮ್ಗೆ ಬಂದಿಲ್ಲ. ಈಗ ನಿಲ್ಸಿಬಿಟ್ರೆ ಕಲ್ತಿದ್ದೂ ಹೋಗ್ಬಿಡುತ್ತೆ. ನೀವು ಚೆನ್ನಾಗಿ ಕಲೀರಿ. ಅಕ್ಕಪಕ್ಕದೋರಿಗೆ ನಾನು ಹೇಳ್ತೀನಿ.”

ಬಾಯಿ ತೆರೆದೆ. ಜಾಲಹಳ್ಳಿಯಿಂದ ತಣಿಸಂದ್ರದವರೆಗಿನ ‘ಮನೆ ಬಾಡಿಗೆಗಿದೆ’ ಬೋರ್ಡುಗಳೆಲ್ಲ ಕಣ್ಣ ಮುಂದೆ ಹಾದುಹೋದವು. “ಆಗ್ಲಿ ಅಣ್ಣಾ, ಮನಸ್ಸಿಟ್ಟು ಕಲೀತೀನಿ” ಎಂದೆ.

ಆ ಸಂಜೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊದಲ ಬಾರಿಗೆ ಕಮಾನು ಎಳೆದಳು. ಬೀದಿನಾಯಿಗಳೆಲ್ಲ ಎದ್ದು ಕೂತವು. ಕೆಳಗಿನಿಂದ ಮುನಿರಾಜಣ್ಣ, “ಪರ್ವಾಗಿಲ್ಲ ಮೇಡಂ, ದಾರಿಗೆ ಬರ್ತಾ ಇದೆ!” ಎಂದು ಹುರಿದುಂಬಿಸಿದರು. ಹುಡುಗಿ ಹೋದ ಮೇಲೆ ಕದ ಹಾಕಿಕೊಂಡು, ಮನೆ ಉಳಿದ ಖುಷಿಗೆ ಕಣ್ಣು ಮುಚ್ಚಿ, ನನಗೆ ಗೊತ್ತಿರುವುದರಲ್ಲೇ ಅತ್ಯಂತ ಕಷ್ಟದ, ಅತ್ಯಂತ ಚೆಲುವಾದ ರಚನೆಯನ್ನು ಮೈಮರೆತು ನುಡಿಸಿದೆ. ಮುಗಿಸಿ ಕಮಾನು ಕೆಳಗಿಟ್ಟಾಗ ಕೆಳಗಡೆಯಿಂದ ಮುನಿರಾಜಣ್ಣನ ದನಿ ಕೇಳಿಸಿತು.

“ಮೇಡಂ, ಆ ಮಗು ಆಗ್ಲೇ ಚೆನ್ನಾಗ್ ಕಲ್ತಾಯ್ತು, ಇವತ್ತಿಗೆ ಸಾಕು ಅನ್ನಿ. ನೀವು ಕಲ್ಯೋದ್ ಯಾವಾಗ?”