ರಂಗೋಲಿ ನುಂಗುವ ಪುಟ

ಯಂತ್ರಕ್ಕೂ ಹಸಿವಾಗುತ್ತದೆ ಎಂದು ನನಗೆ ತಿಳಿದದ್ದು ಕಂಪ್ಯೂಟರ್ ಮುಂದೆ ಕೂತ ಮೇಲೆ. ಹತ್ತನೇ ತರಗತಿಗೇ ಪುಸ್ತಕ ಮುಚ್ಚಿದ ನನಗೆ ದಾವಣಗೆರೆಯ ವಿದ್ಯಾನಗರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಬಾಗಿಲು ತೆಗೆದು, ಕಸ ಗುಡಿಸಿ, ಉಳಿದ ಹೊತ್ತು ಟೈಪು ಮಾಡುವ ಕೆಲಸ. ತಂಗಿ ಗಿರಿಜಾ ಅಲ್ಲೇ ಕೋರ್ಸು ಮುಗಿಸಿದವಳು. ಅವ್ವ ಹೋದ ಮೇಲೆ ಮನೆಯಲ್ಲಿದ್ದದ್ದು ನಾವಿಬ್ಬರೇ. ಅವಳೂ ಮದುವೆಯಾಗಿ ಹರಿಹರಕ್ಕೆ ಹೋದಳು. ದೂರವೇನಲ್ಲ, ಬಸ್ಸಿನಲ್ಲಿ ಕಣ್ಣು ಮುಚ್ಚುವಷ್ಟರಲ್ಲಿ ಕಂಡಕ್ಟರ್ ಎಬ್ಬಿಸುತ್ತಾನೆ. ಆದರೆ ಹೆಣ್ಣು ಕೊಟ್ಟ ಮನೆಗೆ ಪದೇಪದೇ ಹೋದರೆ ಚೆಂದವೆ? ಇತ್ತ ನಮ್ಮ ಅಂಗಳ ಬೋಳಾಯಿತು. ಒಮ್ಮೆ ನಾನೇ ರಂಗೋಲಿ ಎಳೆದೆ. ಪಕ್ಕದ ಮನೆಯ ಅಜ್ಜಿ, “ನಲ್ಲಿ ಪೈಪಿಗೆ ಗುರುತು ಹಾಕೀಯೇನಪ್ಪಾ?” ಎಂದರು.

ಒಂದು ಭಾನುವಾರ ಗಿರಿಜಾ ಫ್ಲಾಪಿಯಲ್ಲಿ ರಂಗೋಲಿ ತಂದಳು. ಎಲ್ಲ ಕೀಬೋರ್ಡಿನ ಚಿಹ್ನೆಗಳೇ. ಆಚೀಚೆ ಬಾಣದ ಮೊನೆಯಂಥ ಎರಡು ಕೊಕ್ಕೆ, ನಡುವೆ ಇಂಗ್ಲಿಷಿನ ಓ, ಅದು ಹೂವು. ಸುತ್ತ ಚುಕ್ಕಿ, ಖಾಲಿ ಜಾಗ. ಸೆಂಟರಿನ ವೆಬ್ ಪುಟಕ್ಕೆ ಹಾಕು ಎಂದಳು. ಬರಹವನ್ನು ಪುಟವಾಗಿಸಲು ಸೆಂಟರು ನಡೆಸುವ ನಮ್ಮ ಸರ್ ಬರೆದಿಟ್ಟ ಶೆಲ್ ಸ್ಕ್ರಿಪ್ಟನ್ನು, ಎಂದರೆ ಕಂಪ್ಯೂಟರ್ ಸಾಲುಸಾಲಾಗಿ ಓದಿ ನಡೆಸುವ ಆಜ್ಞೆಗಳ ಪಟ್ಟಿಯನ್ನು, ಓಡಿಸಿದೆ. ಹೂವೆಲ್ಲ ಮಾಯವಾಗಿ, ಖಾಲಿ ಜಾಗ ಕುಗ್ಗಿ, ಚುಕ್ಕಿಗಳು ಇರುವೆ ಸಾಲಿನಂತೆ ಹೊರಟಿದ್ದವು.

“ನನ್ನ ಹೂವು ಎಲ್ಲಿ ಅಣ್ಣಾ?”

“ಪುಟ ನುಂಗೈತೆ. ನಾನೇನು ಮಾಡ್ಲಿ?”

“ಸರ್‌ನ ಕೇಳಿಡು. ಮುಂದಿನ ಭಾನುವಾರ ಬರ್ತೀನಿ.”

ಸರ್ ನಕ್ಕರು. “ಕೊಕ್ಕೆ ಕಂಡ್ರೆ ಪುಟ ಅದನ್ನ ಹುಕುಂ ಅನ್ಕೊಳ್ತೈತೆ ಕಣಯ್ಯಾ. ಕೊಕ್ಕೆ ಬದಲು ಅದರ ಸಂಕೇತ ಹಾಕ್ಸು. ಇದ್ದದ್ದು ಇದ್ದಂಗೆ ತೋರ್ಸು ಅಂತ ಮೇಲೊಂದು, ಕೆಳಗೊಂದು ಗುರುತು ಇಡು.” ಮೊದಲ ಸಲ ಸ್ಕ್ರಿಪ್ಟಿಗೆ ಸೇರಿಸಿದ ಹೊಸ ಸಾಲುಗಳನ್ನು ಹಿಂದುಮುಂದು ಮಾಡಿದೆ, ಹೂವಿನ ಜಾಗದಲ್ಲಿ ಸಂಕೇತಗಳೇ ಸೊಳ್ಳೆಯಂತೆ ಮುತ್ತಿದವು. ತಿದ್ದಿದ ಮೇಲೆ ರಂಗೋಲಿ ಪರದೆ ತುಂಬ ಅರಳಿತು. ಗಿರಿಜಾ ಇನ್ನೂ ನಮ್ಮ ಮನೆ ಬಾಗಿಲಲ್ಲೇ ಬಗ್ಗಿ ಕೂತಿದ್ದಾಳೇನೋ ಅನ್ನಿಸಿತು. ಆಮೇಲೆ, ಇದು ಸರಿಯಾದರೆ ಅವಳು ಯಾಕೆ ಬರುತ್ತಾಳೆ ಎಂದು ಹೊಳೆಯಿತು. ಹೊಸ ಸಾಲುಗಳ ಮುಂದೆಲ್ಲ ಹ್ಯಾಶ್ ಗುರುತು ಹಾಕಿದೆ. ಅದಿದ್ದರೆ ಸ್ಕ್ರಿಪ್ಟು ಆ ಸಾಲನ್ನು ಓದದೆ ದಾಟುತ್ತದೆ.

ಅಂದಿನಿಂದ ಪ್ರತಿ ಭಾನುವಾರ ಅವಳು ಅತ್ತೆಯ ಊದಿದ ಮುಖ ದಾಟಿ, ಬಸ್ಸಿನಲ್ಲಿ ನಿಂತು ಬರುತ್ತಾಳೆ. ಪುಟ ಹೂವು ನುಂಗಿಯೇ ಇರುತ್ತದೆ. ನಾನು ಬಾಯಲ್ಲಿ ಕಂಪ್ಯೂಟರನ್ನು, ಮನಸ್ಸಿನಲ್ಲಿ ನನ್ನನ್ನು ಬೈಯುತ್ತೇನೆ. ಮೊನ್ನೆ ಚಹಾ ತರುವಷ್ಟರಲ್ಲಿ ಅವಳು ಸ್ಕ್ರಿಪ್ಟನ್ನೇ ತೆರೆದು ಓದುತ್ತಿದ್ದಳು. ಕೋರ್ಸು ಮುಗಿಸಿದವಳು ಅವಳು, ನಾನಲ್ಲ ಎಂಬುದೇ ನನಗೆ ಮರೆತಿತ್ತು. ಅವಳು ಒಂದು ಹ್ಯಾಶನ್ನೂ ಅಳಿಸದೆ ಮುಚ್ಚಿ, ಚಹಾ ತೆಗೆದುಕೊಂಡಳು.

“ಭಾಳ ಕಷ್ಟದ್ದೈತೆ ಅಣ್ಣಾ,” ಎಂದಳು. “ಒಂದೆರಡು ಭಾನುವಾರಕ್ಕೆ ಮುಗಿಯೋದಲ್ಲ.”

ನಾನು ಗಂಭೀರವಾಗಿ ತಲೆಯಾಡಿಸಿದೆ.