ಎಳೆದುಕೊಂಡು ಹೋಗುವ ಮನೆ

ನಿವೃತ್ತನಾದವನು ಸುಮ್ಮನೆ ಕೂತರೆ ಯಾರಿಗೂ ತೊಂದರೆಯಿಲ್ಲ. ಕೈಗೊಂದು ಸ್ಪ್ಯಾನರ್ ಸಿಕ್ಕಿತೋ, ವಾರಕ್ಕೊಂದು ಏನಾದರೂ ನಡೆಯುತ್ತಲೇ ಇರುತ್ತದೆ. ನಾನು ಹಾಸನದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ಮನೆಗೆ ಬಂದವನು. ಬಂದ ಮೇಲೆ ಮಾಡಿದ ಮೊದಲ ಕೆಲಸವೆಂದರೆ, ಯಾರೋ ಎಸ್ಟೇಟಿನವರು ಮೂಲೆಗೆ ತಳ್ಳಿದ್ದ ಎರಡು ಚಕ್ರದ ಟ್ರೈಲರ್ ಮನೆಯೊಂದನ್ನು ತಂದದ್ದು. ಜೀಪಿನ ಹಿಂದೆ ಸಿಕ್ಕಿಸಿಕೊಂಡು ಊರೂರು ಸುತ್ತುವಂಥದ್ದು. ಒಳಗೆ ಒಂದು ಮಂಚ, ಒಂದು ಒಲೆ, ಒಂದು ಕಿಟಕಿ. ಉಳಿದದ್ದೆಲ್ಲ ತುಕ್ಕು.

ಹೆಂಡತಿ ಅದನ್ನು ಒಂದು ಸುತ್ತು ಹಾಕಿ ನೋಡಿ ಗಡುವು ಕೊಟ್ಟಳು. ದೀಪಾವಳಿಯೊಳಗೆ ಅವಳನ್ನು ಕರೆದುಕೊಂಡು ಒಂದು ದಿನ ಎಲ್ಲಿಗಾದರೂ ನೆಟ್ಟಗೆ ಹೋಗಿಬರಬೇಕು. ಆಗದಿದ್ದರೆ ಗಾಡಿ ದಂಡಿಗನಹಳ್ಳಿಯಲ್ಲಿರುವ ಅವಳ ತಮ್ಮನ ಕೋಳಿಗಳಿಗೆ. ಆ ಭಾವಮೈದ ಆಗಲೇ ಟೇಪು ತಂದು ಅಳತೆ ತೆಗೆದುಕೊಂಡು ಹೋಗಿದ್ದ. ಮಂಚ ತೆಗೆದರೆ ಅಲ್ಲಿ ಎಷ್ಟು ಕೋಳಿ ಕೂರಬಹುದು ಅಂತ ನನ್ನನ್ನೇ ಕೇಳಿದ್ದ. 

ಬಾಗಿಲು ಯಾವ ಕಡೆಗೆ

ಮೊದಲು ನೋಡಲು ಬಂದವರು ನಮ್ಮ ಅತ್ತೆ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, ಬಾಗಿಲು ಯಾವ ದಿಕ್ಕಿಗೆ ಅಂತ ಕೇಳಿದರು. ಎತ್ತ ತಿರುಗಿಸಿದರೆ ಅತ್ತ ಅಂದೆ. ಅದು ನಾನು ಮಾಡಿದ ತಪ್ಪು. ಹಾಗಾದರೆ ಪೂರ್ವಕ್ಕೆ ತಿರುಗಿಸಿ ಅಂದರು.

ಜೀಪು ಹತ್ತಿ, ಬೀದಿಯ ಸ್ಕೂಟರುಗಳನ್ನೆಲ್ಲ ಸರಿಸಿ, ಬಾಗಿಲನ್ನು ಪೂರ್ವಕ್ಕೆ ತಂದೆ. ಆಗ ಒಲೆ ಈಶಾನ್ಯಕ್ಕೆ ಹೋಯಿತು. ದೇವರ ಮೂಲೆಯಲ್ಲಿ ಬೆಂಕಿ ಇಡುತ್ತಾರಾ ಅಂತ ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. ಒಲೆಯನ್ನು ಆಗ್ನೇಯಕ್ಕೆ ತಂದೆ, ಬಾಗಿಲು ದಕ್ಷಿಣಕ್ಕೆ ಹೋಯಿತು. ದಕ್ಷಿಣ ಬೇಡ ಅಂತ ಮತ್ತೆ ತಿರುಗಿಸಿದೆ, ಮಂಚದ ತಲೆ ಉತ್ತರಕ್ಕೆ ಬಂತು. ಹನ್ನೊಂದು ಗಂಟೆಯ ಹೊತ್ತಿಗೆ ಬೀದಿಯವರೆಲ್ಲ ಕಾಂಪೌಂಡಿನ ಮೇಲೆ ಕೂತು ನೋಡುತ್ತಿದ್ದರು, ನಾನು ಬೆವರಿ ನೀರಾಗಿದ್ದೆ. ಕೊನೆಗೆ ಅತ್ತೆಗೇ ಕನಿಕರ ಹುಟ್ಟಿತು.

"ಓಗ್ಲಿ ಬುಡಿ ಅಳಿಮಯ್ಯ, ಇದ್ನ ಬಾಡ್ಗೆ ಮನೆ ಅನ್ಕಳಿ. ಬಾಡ್ಗೆ ಮನೆಗೆ ಯಾರೂ ವಾಸ್ತು ನೋಡಕಿಲ್ಲ."

ಬತ್ತಿಲ್ಲ

ಮಳೆ ಬಂದಾಗ ಚಾವಣಿ ಸೋರಿ ಮಂಚದ ಕೆಳಗೆಲ್ಲ ನೀರು ನಿಂತಿತು. ಗಾಡಿಯನ್ನು ಹೊಳೆನರಸೀಪುರದಲ್ಲಿ ನನಗೆ ಗೊತ್ತಿದ್ದ ವೆಲ್ಡರ್ ಹತ್ತಿರ ಬಿಟ್ಟೆ. ಒಳ್ಳೇ ಕೆಲಸಗಾರ. ಒಂದೇ ದಿನದಲ್ಲಿ ತೂತು ಮುಚ್ಚಿದ, ಒಲೆಯ ಪಕ್ಕಕ್ಕೆ ನಾನು ಕೇಳಿದ್ದ ನಲ್ಲಿಯನ್ನೂ ಕೂರಿಸಿದ. ಇನ್ನು ಬಣ್ಣ ಹೊಡೆಯುವುದಷ್ಟೇ ಬಾಕಿ. ಆದರೆ ನೆಲ ಒದ್ದೆಯಿರುವಾಗಲೇ ಹೊಡೆದರೆ ಬಣ್ಣ ನಿಲ್ಲುವುದಿಲ್ಲವಲ್ಲ. ಮನೆಗೆ ಬಂದು ಅವನಿಗೊಂದು ಮೆಸೇಜು ಕಳಿಸಿದೆ: "ಒಳಗೆ ನೀರು ಇನ್ನೂ ಬತ್ತಿಲ್ಲ. ಪೂರ್ತಿ ಬತ್ತುವವರೆಗೂ ಬಿಡಿ."

ಮಾರನೇ ದಿನ ಹೋಗಿ ಗಾಡಿಯ ಬಾಗಿಲು ತೆಗೆದರೆ ನೀರು ನನ್ನ ಪಾದ ತೊಳೆದು ಸ್ವಾಗತ ಮಾಡಿತು. ಒಳಗೆ ನಲ್ಲಿ ಜೋರಾಗಿ ಹರಿಯುತ್ತಿದೆ. ಇದೇನಯ್ಯಾ ಅಂದೆ. ಅವನು ಹೆಮ್ಮೆಯಿಂದಲೇ ಹೇಳಿದ, "ನಲ್ಲೀಲಿ ನೀರು ಬತ್ತಿಲ್ಲ, ಬುಡಿ ಅಂದಿದ್ರಲ್ಲ ಸಾ. ಪೈಪ್ ಬಿಚ್ಚಿ ಕ್ಲೀನ್ ಮಾಡಿ ಬುಟ್ಟಿವ್ನಿ. ಈಗ ನೋಡಿ, ಎಂಗೆ ಬತ್ತಾ ಐತೆ."

ತಪ್ಪು ಅವನದಲ್ಲ. ನಮ್ಮ ಕಡೆ ಬರುವುದೂ ಬತ್ತದೆ, ಒಣಗುವುದೂ ಬತ್ತದೆ. ಬರುತ್ತದೆ ಅನ್ನಿ, ಬತ್ತದೆ ಅನ್ನಬೇಡಿ ಅಂತ ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವನು ನಾನು. ಅಂಗಳದಲ್ಲಿ ನಿಂತು ಅವನಿಗೂ ಪಾಠ ಶುರು ಮಾಡಿದೆ. ಬತ್ತುವುದು ಅಂದರೆ ಒಣಗುವುದು, ಕೆರೆ ಬತ್ತಿತು ಅನ್ನುವುದಿಲ್ಲವೇ ಅಂದೆ. ಅವನು ಪೂರ್ತಿ ಕೇಳಿಸಿಕೊಂಡು ಮರುಕದಿಂದ ನನ್ನ ಮುಖ ನೋಡಿದ.

"ಅಂಗಾದ್ರೆ ಒಣಗಿಲ್ಲ ಅಂತ ಬರೀಬೇಕಿತ್ತು ಸಾ. ಮೇಷ್ಟ್ರಾಗಿ ನಿಮ್ಗೇ ಕನ್ನಡ ಸರ್ಯಾಗಿ ಬರದಿದ್ರೆ ಎಂಗೆ?"

ಹಿಂದಿನ ದೀಪ

ಗಾಡಿ ಒಣಗಿ, ಬಿಳಿ ಬಣ್ಣ ಬಿದ್ದು, ಸುಂದರವಾಯಿತು. ಹೆಂಡತಿಯನ್ನು ಕೂರಿಸಿಕೊಳ್ಳುವ ಮುಂಚೆ ಒಬ್ಬನೇ ಒಂದು ಸಲ ಓಡಿಸಿ ನೋಡೋಣವೆಂದು ಅರಕಲಗೂಡಿಗೆ ಹೊರಟೆ. ಉಳಿದಿರುವ ಕೆಲಸಗಳು ಮರೆಯದಿರಲಿ ಅಂತ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಒಳಗೋಡೆಗೆ ನೇತುಹಾಕಿದ್ದೆ.

ಅರಕಲಗೂಡಿನಲ್ಲಿ ಮರದ ನೆರಳಿಗೆ ನಿಲ್ಲಿಸಿ ಚಕ್ರದ ನಟ್ಟು ನೋಡುತ್ತಿದ್ದೆ. ಒಳಗೆ ಯಾರೋ ಓದುವ ಸದ್ದು. ಇಣುಕಿದರೆ ಒಬ್ಬರು ಅಜ್ಜ ನನ್ನ ಮಂಚದ ಮೇಲೆ ಕೂತು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ರಟ್ಟನ್ನು ಗಟ್ಟಿಯಾಗಿ ಓದುತ್ತಿದ್ದಾರೆ. "ಕೀಲುಗಳಿಗೆ ಗ್ರೀಸ್ ಹಚ್ಚುವುದು. ಸಡಿಲವಾದದ್ದನ್ನು ಬಿಗಿ ಮಾಡುವುದು. ಹಿಂದಿನ ದೀಪ ಪರೀಕ್ಷಿಸುವುದು." ಬಾಗಿಲ ಹೊರಗೆ ಇನ್ನೂ ಐದಾರು ಜನ ಸಾಲಾಗಿ ನಿಂತಿದ್ದರು. ಬಿಳಿ ಗಾಡಿ ಕಂಡು ಕಣ್ಣು ಪರೀಕ್ಷೆಯವರು ಬಂದಿದ್ದಾರೆ ಅಂದುಕೊಂಡಿದ್ದರು.

ಅಜ್ಜ ಒಂದಕ್ಷರವೂ ತಪ್ಪಿಲ್ಲದೆ ಓದಿದ್ದರು. ಮೇಷ್ಟ್ರ ಜೀವ ನೋಡಿ, ತಡೆಯಲಾರದೆ ಭೇಷ್ ಅಂದುಬಿಟ್ಟೆ. ಅವರು ಇನ್ನೊಂದು ಕಣ್ಣೂ ಬಿಟ್ಟು ಅನುಮಾನದಿಂದ ಕೇಳಿದರು.

"ಮಂಡಿಗೆ ಬೇಕಾದ್ರೆ ಗ್ರೀಸ್ ಅಚ್ಕತೀನಿ ಸಾ. ಈ ಇಂದಿನ್ ದೀಪ ಅಂದ್ರೆ ಯಾವ್ದು? ಅದ್ನೂ ಇಲ್ಲೇ ತೋರುಸ್ಬೇಕಾ?"

ದೋಸೆಯ ಲೆವೆಲ್ಲು

ಹಬ್ಬಕ್ಕೆ ನಾಲ್ಕೇ ದಿನ ಉಳಿದಿತ್ತು. ಒಂದು ಬೆಳಿಗ್ಗೆ ಹೆಂಡತಿಯನ್ನು ಜೀಪಿನಲ್ಲಿ ಕೂರಿಸಿಕೊಂಡು, ಗಾಡಿ ಎಳೆದುಕೊಂಡು, ಶೆಟ್ಟಿಹಳ್ಳಿಗೆ ಹೊರಟೆ. ಹಾಳು ಚರ್ಚು ಕಾಣುವ ಹಾಗೆ ಹಿನ್ನೀರಿನ ದಂಡೆಯಲ್ಲಿ ನಿಲ್ಲಿಸಿದೆ. ದಾರಿಯುದ್ದಕ್ಕೂ ಒಂದು ನಟ್ಟೂ ಬಿದ್ದಿರಲಿಲ್ಲ. ಗೆದ್ದೆ ಅಂದುಕೊಂಡೆ.

ಹೆಂಡತಿ ಒಲೆ ಹಚ್ಚಿ, ಕಾವಲಿಯಿಟ್ಟು, ಮೊದಲ ದೋಸೆ ಹುಯ್ದಳು. ಹಿಟ್ಟು ಒಂದು ಕ್ಷಣ ಯೋಚಿಸಿ, ನಿಧಾನವಾಗಿ ಎಡಕ್ಕೆ ಹೊರಟಿತು. ಒಂದು ಕಡೆ ಉತ್ತಪ್ಪ, ಇನ್ನೊಂದು ಕಡೆ ಹಪ್ಪಳ. ನೆಲ ಇಳಿಜಾರಾಗಿತ್ತು. ಅವಳು ಅದನ್ನು ತಟ್ಟೆಗೆ ಹಾಕಿ ನನ್ನ ಮುಂದಿಟ್ಟು, "ಕೋಳಿಗೆ ಲೆವೆಲ್ಲು ಬೇಕಿಲ್ಲ ಬುಡಿ" ಅಂದಳು.

 ಲೆವೆಲ್ಲು ನೋಡಲು ಗಾರೆಯವರ ಹತ್ತಿರ ಇಸಕೊಂಡಿದ್ದ ರಸಮಟ್ಟ ಮನೆಯಲ್ಲೇ ಉಳಿದಿತ್ತು. ಜಾಕಿ ಹಿಡಿದು ಗಾಡಿಯ ಕೆಳಗೆ ನುಗ್ಗಿ, ಇನ್ನೊಂದು ಹುಯ್ಯಿ ಅಂದೆ. ಅವಳು ಹುಯ್ದು, ಎಡಕ್ಕೆ ಹೋಯ್ತು ಅಂದಳು. ಎಡಗಡೆ ಎತ್ತಿದೆ. ಈಗ ಬಲಕ್ಕೆ ಅಂದಳು. ಇಳಿಸಿದೆ. ಹೀಗೆ ಮೇಲೆ ದೋಸೆ, ಕೆಳಗೆ ಜಾಕಿ. ಏಳನೆಯದು ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ ಬಂತಂತೆ. ಅವಳ ದನಿಯಲ್ಲೇ ಗೊತ್ತಾಯಿತು.

ಅಷ್ಟರಲ್ಲಿ ಚರ್ಚು ನೋಡಲು ಬಂದವರಿಗೆ ವಾಸನೆ ಬಡಿದಿತ್ತು. ಯಾರೋ ಕಿಟಕಿಗೆ ಬಂದು ಎರಡು ಸೆಟ್ಟು ಅಂದರು. ಹೋಟೆಲಲ್ಲ ಅನ್ನುತ್ತಾಳೆ ಅಂತ ಕಾದೆ. ಅವಳು ಆ ಆರು ಸೊಟ್ಟ ದೋಸೆಗಳನ್ನು ಚಟ್ನಿ ಹಾಕಿ ಕೊಟ್ಟೇಬಿಟ್ಟಳು. ಅವರು ಚಪ್ಪರಿಸಿ ತಿಂದು, ಇಂಥ ದೋಸೆ ಎಲ್ಲೂ ತಿಂದಿಲ್ಲ ಅಂದರು. ನಿಜವೇ ತಾನೆ. ಆಮೇಲೆ ಜನ ಮುಗಿಬಿದ್ದರು. ಮದುವೆಯಾದಂದಿನಿಂದ ನಾನು ಅವಳ ದೋಸೆಯನ್ನು ಪೇಪರು ಓದುತ್ತ ತಿಂದವನು. ಕಿಟಕಿಯಲ್ಲಿ ಅವಳ ಮುಖ ಅರಳಿದ್ದು ಕಂಡು ಖುಷಿಯೂ ಆಯಿತು, ನಾಚಿಕೆಯೂ ಆಯಿತು. ಗಾಡಿ ಕೆಳಗಿನಿಂದ ಮುಖಕ್ಕೆಲ್ಲ ಗ್ರೀಸ್ ಬಳಿದುಕೊಂಡು ಎದ್ದು ಬಂದೆ. ಇವರ್ಯಾರು ಅಂತ ಒಬ್ಬಾಕೆ ಕೇಳಿದರು. ಹೆಂಡತಿ ಮಗುಚುವ ಕೈ ನಿಲ್ಲಿಸದೆ, ಸಪ್ಲೈಯರ್ರು ಅಂದಳು. ಸಪ್ಲೈ ಮಾಡಿದೆ.

ಪಾತ್ರೆ ಖಾಲಿಯಾಗುವ ಹೊತ್ತಿಗೆ ಭಾವಮೈದನ ಫೋನು. ಗಾಡಿ ಒಯ್ಯಲು ಟ್ರ್ಯಾಕ್ಟರ್ ತರಲಾ ಅಂತ ಅಕ್ಕನನ್ನು ಕೇಳುತ್ತಿದ್ದ. ನಾನು ಎಂಜಲು ತಟ್ಟೆ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದೆ. ಅವಳು ಹಿನ್ನೀರಿನ ಕಡೆ ಒಮ್ಮೆ ನೋಡಿದಳು, ಆಮೇಲೆ ನನ್ನ ಕಡೆ.

"ಗಾಡಿ ಕೊಡಕಿಲ್ಲ ಕಣ್ಲಾ. ಬೇಕಾದ್ರೆ ನಿಮ್ ಭಾವನ್ನ ಕರ್ಕೊಂಡೋಗು."