ನಮ್ಮ ಅಡುಗೆಮನೆಯೊಳಗಿನ ಮುಖ್ಯ ರಸ್ತೆ

ಮುಂಬಯಿಯ ಪವಾಯಿಯಲ್ಲಿ ಕೆರೆಗೆ ಮುಖ ಮಾಡಿ ಕುಳಿತಿರುವ ‘ಹಾದಿಬೀದಿ’ ಎಂಬ ಮುಕ್ತ ನಕ್ಷೆಯ ಹೊಸ ಸೌಲಭ್ಯ ಯೋಜನಾ ಸಮಿತಿಯ ಸಂಚಾಲಕಿ ಹರಿಣಿಯವರ ಸನ್ನಿಧಿಗೆ,

ಮಾನ್ಯರೇ,

ಪರೇಲಿನ ಹಳೆಯ ಮಿಲ್ಲಿನ ಹಿಂದಿನ ಸಾಲುಮನೆಗಳ ಚಾಳಿನಿಂದ ಜೀನತಳ ಸಲಾಮುಗಳು. ಮನೆಯಲ್ಲಿ ಕುಳಿತು ರವಿಕೆ ಹೊಲಿಯುವ ನಾನು ತಮ್ಮಂಥವರಿಗೆ ಪತ್ರ ಬರೆಯುವುದು ಅಧಿಕಪ್ರಸಂಗವೆಂದು ಬಲ್ಲೆ. ಆದರೆ ತಮ್ಮ ನಕ್ಷೆಯ ಪ್ರಕಾರ ನಾನು ಕುಳಿತಿರುವುದು ಮನೆಯಲ್ಲಲ್ಲ, ರಸ್ತೆಯ ನಟ್ಟನಡುವೆ. ರಸ್ತೆಯಲ್ಲಿ ಕುಳಿತವರಿಗೆ ದೊಡ್ಡವರನ್ನು ಕೂಗಿ ಕರೆಯುವ ಹಕ್ಕು ಈ ನಗರದಲ್ಲಿ ಮೊದಲಿನಿಂದಲೂ ಇದೆ.

ಮೊದಲು ತಮ್ಮ ಉಪಕಾರವನ್ನು ನೆನೆಯಬೇಕು. ಯಾರ ಸ್ವತ್ತೂ ಅಲ್ಲದ, ಯಾರು ಬೇಕಾದರೂ ಬಳಸಬಹುದಾದ, ದಾನಿಗಳ ಕೃಪೆಯಿಂದ ಬೆಳೆಯುವ ನಕ್ಷೆಯನ್ನು ತಾವು ಕಟ್ಟಿದ್ದೀರಿ. ಜನ ನಡೆದಾಡಿದ್ದನ್ನು ಅವರ ಫೋನಿನಿಂದಲೇ ತಿಳಿದು ತಾನಾಗಿ ದಾರಿ ಬರೆದುಕೊಳ್ಳುವ ಸೌಲಭ್ಯವನ್ನು ಹೋದ ವರ್ಷ ಅದಕ್ಕೆ ಸೇರಿಸಿದ್ದೀರಿ. ಅದನ್ನು ಪರೀಕ್ಷಿಸಲು ಅನಿಕೇತ್ ಎಂಬ ಸಭ್ಯ ಸ್ವಯಂಸೇವಕರು ನಮ್ಮ ಚಾಳಿಗೆ ಬಂದರು. ಅಡುಗೆ, ಮಲಗು ಎಲ್ಲಕ್ಕೂ ಒಂದೇ ಕೋಣೆಯಾದ ನಮ್ಮ ಖೋಲಿಗೆ ಎರಡು ಬಾಗಿಲು, ಒಂದು ಮುಂದಿನ ಓಣಿಗೆ, ಇನ್ನೊಂದು ಹಿಂದಿನ ನಲ್ಲಿಗೆ. ಹಗಲೆಲ್ಲ ಎರಡೂ ತೆರೆದೇ ಇರುತ್ತವೆ. ಕೊಡ ಹಿಡಿದವರು ನಮ್ಮ ಒಲೆಯ ಪಕ್ಕದಲ್ಲೇ ಹಾದು, ಸಾರಿನ ಬಗ್ಗೆ ಒಂದು ಅಭಿಪ್ರಾಯ ಹೇಳಿ, ನೀರಿಗೆ ಹೋಗುತ್ತಾರೆ. ಅನಿಕೇತ್ ಅವರೂ ಹೊಸ್ತಿಲಲ್ಲಿ ನಿಂತು “ಆಂಟಿ, ಇಧರ್‌ಸೇ ಹೋಗಬಹುದು ಕ್ಯಾ?” ಎಂದು ವಿನಯದಿಂದ ಕೇಳಿದಾಗ, ನಮ್ಮ ಅತ್ತೆ ಇಮಾಮಬಿಯವರು “ಎಲ್ಲಾರೂ ಹೋಗ್ತಾರಪಾ, ನೀನೂ ಹೋಗು, ಆದ್ರ ಚಾ ಕುಡದು ಹೋಗು” ಎಂದರು. ಅವರ ಫೋನು ಹಿಂದೆಯೇ ನಕ್ಷೆಯಲ್ಲೊಂದು ಗೆರೆ ಎಳೆಯಿತು; ಆ ಒಂದು ಲೋಟ ಚಹಾದೊಂದಿಗೆ ನಮ್ಮ ಅಡುಗೆಮನೆ ಓಣಿಯಾಗಿ ಲೋಕಾರ್ಪಣೆಯಾಯಿತು.

ಅಂದಿನಿಂದ ನಮಗೆ ಒಂಟಿತನವೆಂಬುದೇ ಇಲ್ಲ. ಆಸ್ಪತ್ರೆಗೆ ಹೊರಟವರು, ಪಾರ್ಸೆಲ್ ತಂದವರು, ಸ್ಟೇಶನ್ನಿಗೆ ಓಡುವವರು ಎಲ್ಲರೂ ಫೋನ್ ನೋಡುತ್ತಾ ತಲೆ ಎತ್ತದೆ ಒಳಗೆ ಬಂದು ತಲೆ ಎತ್ತದೆ ಹೊರಗೆ ಹೋಗುತ್ತಾರೆ. ದಾದರಿನಿಂದ ಫ್ರಿಜ್ ಹೊತ್ತು ತಂದ ಇಬ್ಬರು ಅದನ್ನು ನಮ್ಮ ಮಂಚದ ಮೇಲಿಳಿಸಿ, ಮುಂದೆ ಟ್ರಾಫಿಕ್ ಹೇಗಿದೆ ಎಂದು ನನ್ನನ್ನೇ ವಿಚಾರಿಸಿದರು. ರೊಟ್ಟಿ ಬಡಿಯುತ್ತಿದ್ದ ಅತ್ತೆಯವರಿಗೆ ಮೋಟಾರ್‌ಸೈಕಲ್‌ನವನೊಬ್ಬ ಹಾರ್ನ್ ಮಾಡಿ, ರಸ್ತೆಯಲ್ಲಿ ಒಲೆ ಹೂಡುವವರಿಂದಲೇ ಮುಂಬಯಿ ಹಾಳಾಯಿತೆಂದು ಬುದ್ಧಿ ಹೇಳಿ ಹೋದ.

ನನ್ನ ಮಗಳು ನಿಖತ ತಮ್ಮ ನಕ್ಷೆಯನ್ನು ತೆರೆದು ಆ ಗೆರೆಯನ್ನು ಅಳಿಸಿದಳು. ನೀರು ಬರುವ ಹೊತ್ತಿಗೆ ಜನ ನಡೆದರು, ಗೆರೆ ಮತ್ತೆ ಮೂಡಿತು. ತಮಗೆ ದೂರು ಕೊಟ್ಟಾಗ ಬಾಗಿಲು ಹಾಕಿಕೊಳ್ಳಿರೆಂಬ ಅಮೂಲ್ಯ ಸಲಹೆ ಬಂತು. ಚಾಳಿನಲ್ಲಿ ಹಗಲು ಹೊತ್ತು ಬಾಗಿಲು ಹಾಕಿದರೆ ಒಳಗೆ ಸಾವಾಗಿದೆ ಎಂದೋ ಜಗಳವಾಗಿದೆ ಎಂದೋ ಅರ್ಥವೆಂಬುದು ಪವಾಯಿಯಲ್ಲಿ ತಿಳಿದಿರಲಿಕ್ಕಿಲ್ಲ. “ಹಗಲಿನಾಗ ಬಾಗಿಲಾ ಹಾಕಾಕ ನಾನೇನ್ ಸತ್ತೇನೇನ?” ಎಂದು ಅತ್ತೆಯವರು ಕೂಗಾಡಿದರೂ, ನಾನು ತಮ್ಮ ಸಲಹೆಗೆ ಬೆಲೆಕೊಟ್ಟು ಹಾಕಿದೆ. ಅರ್ಧ ತಾಸಿನೊಳಗೆ ಇಡೀ ಚಾಳು ಬಾಗಿಲು ತೆಗೆಸಿ ಒಳಬಂದು, ಸತ್ತವರನ್ನು ಹುಡುಕಿ, ಕಾಣದೆ ನಿರಾಶೆಗೊಂಡು, ಹಿಂದಿನ ಬಾಗಿಲಿನಿಂದ ಹೊರಟುಹೋಯಿತು. ಅಷ್ಟು ಕಾಲುಗಳನ್ನು ಕಂಡ ತಮ್ಮ ನಕ್ಷೆ ಆ ಸಂಜೆಯೇ ನಮ್ಮ ಅಡುಗೆಮನೆಗೆ ಬಡ್ತಿ ಕೊಟ್ಟು, ಓಣಿಯಾಗಿದ್ದುದನ್ನು ಹಳದಿ ಬಣ್ಣದ ಮುಖ್ಯ ರಸ್ತೆ ಮಾಡಿತು.

ಬಳಿಕ ತಾವು, ಇದು ತಪ್ಪಲ್ಲ, ಸೌಲಭ್ಯದ ಕೊರತೆ, ‘ಇದು ಮನೆ’ ಎಂದು ಗುರುತಿಸುವ ಹೊಸ ಸೌಲಭ್ಯವೊಂದನ್ನು ಯೋಜಿಸಿ, ಮತಕ್ಕೆ ಹಾಕಿ, ದಾನಿಯನ್ನು ಹುಡುಕಬೇಕು ಎಂದು ತಿಳಿಸಿದಿರಿ. ಮತದಾನದಲ್ಲಿ ವಡಾಪಾವ್ ಗಾಡಿಗಳನ್ನು ಚಟ್ನಿಯ ಖಾರಕ್ಕೆ ತಕ್ಕಂತೆ ಬಣ್ಣಿಸುವ ಸೌಲಭ್ಯ ಗೆದ್ದಿತು. ಪಾರಿವಾಳದ ಕಣ್ಣಿಗೆ ಕಾಣುವ ಮುಂಬಯಿಯನ್ನು ತೋರಿಸುವ ಸೌಲಭ್ಯಕ್ಕೂ ದಾನಿ ಸಿಕ್ಕರು. ‘ಇದು ಮನೆ’ಗೆ ಬಿದ್ದದ್ದು ನಿಖತಳ ಮತವೊಂದೇ. ಮನೆ ಎಂದರೇನೆಂಬ ವ್ಯಾಖ್ಯೆ ಇನ್ನೂ ಚರ್ಚೆಯಲ್ಲಿದೆಯೆಂದು ತಮ್ಮ ನಡಾವಳಿಯಲ್ಲಿ ಓದಿ, ಅಷ್ಟು ವಿದ್ಯಾವಂತರು ನಮ್ಮ ಖೋಲಿಯ ಸಲುವಾಗಿ ತಲೆ ಕೆಡಿಸಿಕೊಂಡರಲ್ಲ ಎಂದು ನನಗೆ ಹೆಮ್ಮೆಯಾಯಿತು.

ಈಗ ಸಂಗತಿ ಇಲ್ಲಿಗೆ ಬಂದು ನಿಂತಿದೆ. ಚಾಳನ್ನು ಕೆಡವಿ ಟವರ್ ಕಟ್ಟುವ ಬಿಲ್ಡರ್‌ನ ಸರ್ವೆಯವರು ಈ ತಿಂಗಳ ಕೊನೆಗೆ ಬರುತ್ತಾರೆ; ಅವರ ಕೈಯಲ್ಲಿರುವುದು ತಮ್ಮದೇ ನಕ್ಷೆ. ಅದರಲ್ಲಿ ಖೋಲಿ ಇದ್ದವರಿಗೆ ಹೊಸ ಮನೆಯಂತೆ, ರಸ್ತೆಗೆ ಡಾಂಬರಂತೆ. ಇಮಾಮಬಿಯವರು ಮದುವೆಯಾಗಿ ವಿಜಾಪುರದಿಂದ ನೇರ ಬಂದಿಳಿದದ್ದು ಈ ಖೋಲಿಗೆ, ನನ್ನ ಗಂಡ ಹುಟ್ಟಿದ್ದು ಆ ಒಲೆಯ ಪಕ್ಕದ ನೆಲದಲ್ಲಿ. ತಮಾಷೆ ಬಿಟ್ಟು ಹೇಳುತ್ತೇನೆ, ನನಗೆ ಹೆದರಿಕೆಯಾಗಿದೆ. ಈ ಊರಿನಲ್ಲಿ ಇನ್ನೊಂದು ಖೋಲಿ ಹಿಡಿಯುವ ಶಕ್ತಿ ನಮಗಿಲ್ಲ.

ಗೆರೆಯನ್ನು ಅಳಿಸುವುದು ತಮ್ಮ ಘನತೆಗೆ ಕಡಿಮೆಯಾದರೆ, ರಸ್ತೆಗೆ ಸಲ್ಲುವ ಮರ್ಯಾದೆಯನ್ನಾದರೂ ಕೊಡಿಸಬೇಕಾಗಿ ಪ್ರಾರ್ಥನೆ. ಒಲೆಯ ಮೇಲೊಂದು ಸಿಗ್ನಲ್ ಹಾಕಿಸಿ, ರೊಟ್ಟಿ ಉಬ್ಬುವಷ್ಟು ಹೊತ್ತಾದರೂ ಕೆಂಪು ಉರಿಯಲಿ. ಮಂಚದಿಂದ ಮೂಲೆಯ ಬಚ್ಚಲ ಮೋರಿಗೆ ದಾಟಲು ಅತ್ತೆಯವರಿಗೆ ಜೀಬ್ರಾ ಪಟ್ಟೆ ಎಳೆಸಿ. ಅವರ ನಮಾಜಿನ ಹೊತ್ತಿಗೆ ವಾಹನಗಳನ್ನು ದಾದರಿನ ಮೇಲಿನಿಂದ ತಿರುಗಿಸಿ. ರಸ್ತೆಗೆ ಅವರ ಹೆಸರಿಡುವುದಾದರೆ ಮಾತ್ರ ಸ್ವಲ್ಪ ತಡೆಯಿರಿ, ಅವರು ಇನ್ನೂ ಗಟ್ಟಿಯಾಗಿದ್ದಾರೆ.

ಹೋಗಿಬರುವವರ ಕಾಲ ನಡುವಿನಿಂದ,
ಸದಾ ತಮ್ಮ ವಿಶ್ವಾಸಿ,
ಜೀನತ

ಮರೆತ ಮಾತು: ಕೆಲವು ದಿನ ಯಾರೂ ನಡೆಯದ ರಸ್ತೆ ನಕ್ಷೆಯಿಂದ ತಾನೇ ಅಳಿದುಹೋಗುತ್ತದೆಂದು ತಮ್ಮ ಕೊನೆಯ ಉತ್ತರದಲ್ಲಿ ಓದಿ ಹೋದ ಜೀವ ಬಂದಂತಾಯಿತು. ಆದ್ದರಿಂದ ಸಮಿತಿಯ ಮುಂದಿನ ಸಭೆಯನ್ನು ದಯವಿಟ್ಟು ನಮ್ಮ ಖೋಲಿಯಲ್ಲೇ ಕರೆಯಿರಿ. ಚಾಪೆ, ಚಹಾ ನಮ್ಮದು. ಸರ್ವೆಯವರು ಬಂದುಹೋಗುವ ತನಕ ತಾವೆಲ್ಲ ಎರಡು ಬಾಗಿಲುಗಳ ನಡುವೆ ಸುಮ್ಮನೆ ಕುಳಿತಿದ್ದರೆ ಸಾಕು, ಯಾರಿಂದಲೂ ಒಂದು ಹೆಜ್ಜೆ ಮುಂದಿಡಲಾಗುವುದಿಲ್ಲ. ಈ ಕೆಲಸದಲ್ಲಿ ತಮ್ಮಷ್ಟು ಪಳಗಿದವರು ನಮ್ಮ ಚಾಳಿನಲ್ಲಿ ಯಾರೂ ಇಲ್ಲ.